ಮಡಚಲು ಬರುವುದು ಸೂರಲ್ಲ

ನನ್ನ ಅಮ್ಮನನ್ನು ನಾನು ಸಾಯಿಸಿದ್ದು ಒಂದು ಮಂಗಳವಾರ ಸಂಜೆ ಐದೂ ಮುಕ್ಕಾಲಿಗೆ, ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ನಿಂತು. ಸಾಯಿಸಿದ್ದು ಕಾಗದದ ಮೇಲೆ, ಆದರೆ ಓದಿದ್ದು ಗಟ್ಟಿಯಾಗಿ. ಆ ಹೊತ್ತಿಗೆ ಅಮ್ಮ ತನ್ನ ಕಚೇರಿಯಲ್ಲಿ ಆರೋಗ್ಯವಾಗಿ ಕೂತು ಟೀ ಕುಡಿಯುತ್ತಿದ್ದಳು. ನನಗೆ ಇಪ್ಪತ್ತು ವರ್ಷ, ಹೆಸರು ತಾರಾಮಣಿ. ಹುಟ್ಟುವ ಮೊದಲೇ ಯಾರೋ ನನ್ನನ್ನು ನಾಟಕಕ್ಕೆ ಗೊತ್ತುಮಾಡಿ ಇಟ್ಟಿದ್ದರೇನೋ ಅನ್ನಿಸುವಂಥ ಹೆಸರು. ನಾಟಕ ಶಾಲೆಯ ಅರ್ಜಿಯ ಮೊದಲ ಪುಟದಲ್ಲಿ ಆ ಹೆಸರು ಬರೆಯುವಾಗ ಪೆನ್ನು ನಿಲ್ಲಲಿಲ್ಲ. ನಾಲ್ಕನೇ ಪುಟಕ್ಕೆ ಬಂದಾಗ ನಿಂತಿತು.

ನಾಲ್ಕನೇ ಪುಟದಲ್ಲಿ ಇದ್ದದ್ದು ಒಂದೇ ಪ್ರಶ್ನೆ. ‘ಅಭ್ಯರ್ಥಿಯ ಹೇಳಿಕೆ: ನೀವು ಯಾರು, ನಟನೆಗೇ ಏಕೆ ಬರಬಯಸುತ್ತೀರಿ, ಐನೂರು ಪದ ಮೀರದಂತೆ ಬರೆಯಿರಿ.’ ಅದರ ಕೆಳಗೆ ಬರೀ ಗೆರೆಗಳು. ಆ ನಾಟಕ ಶಾಲೆ ಇರುವುದು ಬಸ್ಸಿನಲ್ಲಿ ಒಂಬತ್ತು ಗಂಟೆ ದೂರದ ಪಟ್ಟಣದಲ್ಲಿ. ವರ್ಷಕ್ಕೆ ಹದಿನೆಂಟು ಜನರನ್ನು ಸೇರಿಸಿಕೊಳ್ಳುತ್ತಾರೆ. ಹೋದ ವರ್ಷವೂ ನಾನು ಅರ್ಜಿ ಹಾಕಿದ್ದೆ, ‘ನನಗೆ ಚಿಕ್ಕಂದಿನಿಂದಲೂ ನಾಟಕವೆಂದರೆ ಪ್ರಾಣ’ ಎಂದು ಶುರುಮಾಡಿ. ಸಂದರ್ಶನಕ್ಕೂ ಕರೆಯಲಿಲ್ಲ. ಇಪ್ಪತ್ತೊಂದು ತುಂಬಿದವರ ಅರ್ಜಿಯನ್ನು ಅವರು ನೋಡುವುದಿಲ್ಲ. ನನಗೆ ತುಂಬಲು ಇನ್ನು ನಾಲ್ಕೇ ತಿಂಗಳು. ಇದು ತಪ್ಪಿದರೆ ಮತ್ತೆ ಇಲ್ಲ.

ಆ ಶಾಲೆಯಲ್ಲೇ ಎರಡನೇ ವರ್ಷ ಓದುತ್ತಿದ್ದ ಗೆಳತಿ ಕುಮುದ ರಜೆಗೆ ಬಂದಿದ್ದಳು. ಅವಳ ಮನೆಯ ನಡುಮನೆಯಲ್ಲಿ ಕೂತು ನನ್ನ ಹಳೆಯ ಹೇಳಿಕೆ ತೋರಿಸಿದೆ. ಅರ್ಧ ಓದುವಷ್ಟರಲ್ಲೇ ಮೂಗು ಮುರಿದಳು.

“ಇದ್ರಲ್ಲಿ ಗಾಯ ಎಲ್ಲಿದೆಯೇ?” ಅಂದಳು.

“ಗಾಯಾನಾ?”

“ಹೂಂ ಮತ್ತೆ. ಗಾಯ ಇಲ್ದಿರೋರ್ನ ಅವ್ರು ಕಣ್ಣೆತ್ತೂ ನೋಡಲ್ಲ. ನಾನು ನಮ್ಮನೆ ಸುಟ್ಟೋಯ್ತು ಅಂತ ಬರ್ದಿದ್ದೆ.”

“ನಿಮ್ಮನೆ ಯಾವಾಗೇ ಸುಟ್ಟೋಯ್ತು?” ನಾನು ಆ ಮನೆಯ ಗೋಡೆಗಳನ್ನೇ ಸುತ್ತ ನೋಡಿದೆ.

“ಸುಟ್ಟಿಲ್ಲ. ಅದಕ್ಕೇನೀಗ? ಓದ್ದೋರ ಮೂಗಿಗೆ ಸುಟ್ಟ ವಾಸ್ನೆ ಬಂತಲ್ಲ, ಸಾಕು. ನೀನೂ ಏನಾದ್ರೂ ಹುಡ್ಕು. ಬರ್ದ್ಮೇಲೆ ಗಟ್ಟಿಯಾಗಿ ಓದು. ಗಂಟಲು ಒಡೀಲಿಲ್ಲ ಅಂದ್ರೆ ಹರಿದು ಬಿಸಾಕು, ಬೇರೆ ಬರಿ.”

ಅರ್ಜಿಯನ್ನು ತಾನೇ ಕೈಯಲ್ಲಿ ಒಯ್ದು ಕೊಡುತ್ತೇನೆ ಎಂದೂ ಹೇಳಿದಳು. ಅವಳು ಹೊರಡುವುದು ಎರಡು ವಾರ ಬಿಟ್ಟು ಭಾನುವಾರ ಬೆಳಗಿನ ಬಸ್ಸಿಗೆ, ಕೊನೆಯ ದಿನ ಅದರ ಮರುದಿನ ಸೋಮವಾರ. ನಾನು ಗಾಯ ಹುಡುಕುತ್ತಾ ಮನೆಗೆ ಬಂದೆ.

ಗಾಯ ಇರಲಿಲ್ಲವೆಂದಲ್ಲ. ಅಪ್ಪ ತೀರಿಕೊಂಡಾಗ ನನಗೆ ಒಂದು ವರ್ಷವೂ ತುಂಬಿರಲಿಲ್ಲ. ಅದನ್ನೇ ಬರೆದೆ. ಅಡುಗೆಮನೆಯಲ್ಲಿ ನಿಂತು ಓದಿದೆ. ಗಂಟಲು ಒಡೆಯುವುದಿರಲಿ, ಆಕಳಿಕೆ ಬಂತು. ಕಂಡೇ ಇರದ ಮನುಷ್ಯನಿಗಾಗಿ ಅಳುವುದು ಹೇಗೆ? ಅಪ್ಪನ ಬಗ್ಗೆ ನನಗೆ ಗೊತ್ತಿದ್ದದ್ದೆಲ್ಲ ಅಮ್ಮ ಹೇಳಿದ್ದು, ಅದೂ ಎರಡೋ ಮೂರೋ ಮಾತು. ಮೂರು ದಿನ ಕಾಲು ಸುಟ್ಟ ಬೆಕ್ಕಿನ ಹಾಗೆ ಮನೆಯೊಳಗೆ ಸುತ್ತಿದೆ. ಬರೆದೆ, ಹರಿದೆ, ಒಲೆಗೆ ಹಾಕಿದೆ. ಆ ಮಂಗಳವಾರ ಮಧ್ಯಾಹ್ನ ಊಟ ಬಿಟ್ಟು ಎದ್ದವಳು, ಏನೋ ತೋಚಿದಂತಾಗಿ, ಅಪ್ಪ ಎಂದಿದ್ದಲ್ಲೆಲ್ಲ ಹೊಡೆದುಹಾಕಿ ಅಮ್ಮ ಎಂದು ಬರೆದೆ. ಒಂದು ವರ್ಷ ಎಂಬಲ್ಲಿ ಒಂಬತ್ತು ವರ್ಷ ಮಾಡಿದೆ. ಅಷ್ಟೇ. ಆಮೇಲೆ ಕೈ ನಿಲ್ಲಲಿಲ್ಲ. ಎರಡು ಪುಟ ತಾನಾಗಿ ಬಂತು, ಬರೆಯುತ್ತಲೇ ಕಣ್ಣು ಒರೆಸಿಕೊಂಡೆ, ನಾಚಿಕೆಯಾಗಲಿಲ್ಲ. ಖುಷಿಯೇ ಆಯಿತು.

ಇನ್ನು ಗಟ್ಟಿಯಾಗಿ ಓದಬೇಕು. ಅದಕ್ಕೊಂದು ಜಾಗ ಇತ್ತು. ನಮ್ಮ ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಒಂದು ತಗಡಿನ ಮಾಡು, ಅದರ ಕೆಳಗೆ ನಿಂತರೆ ಧ್ವನಿ ಗುಂಯ್ ಅನ್ನುತ್ತದೆ. ಆರನೇ ವಯಸ್ಸಿನಿಂದ ಅದೇ ನನ್ನ ರಂಗ. ಕಲ್ಲಿನ ಮೇಲೆ ಹತ್ತಿ ಮೊದಲಿನಿಂದ ಕೊನೆಯವರೆಗೆ ಓದಿದೆ, ಎಲ್ಲಿ ನಿಲ್ಲಿಸಬೇಕೋ ನಿಲ್ಲಿಸಿ, ಎಲ್ಲಿ ಏರಬೇಕೋ ಏರಿ. ಮೂರು ಕಡೆ ಗಂಟಲು ಒಡೆಯಿತು. ಧ್ವನಿ ಗುಂಯ್ ಅನ್ನಲಿಲ್ಲ ಎಂಬುದು ಗಮನಕ್ಕೆ ಬಂತು, ದುಃಖದಿಂದ ಇರಬೇಕು ಅಂದುಕೊಂಡೆ. ಮುಗಿಸಿ, ಉಸಿರು ಬಿಟ್ಟು, ತಲೆ ಎತ್ತಿದೆ. ಮೇಲೆ ನೀಲಿ ಬಣ್ಣ ಕಂಡಿತು.

ತಗಡು ತೂತು ಬಿದ್ದಿದೆ ಎಂದು ಅಮ್ಮ ಭಾನುವಾರ ಅದನ್ನು ಕೆಳಗಿಳಿಸಿದ್ದಳು. ಹೊಸದು ಬರುವವರೆಗೆ ಇರಲಿ ಎಂದು ನೀಲಿ ಟಾರ್ಪಾಲು ಕಟ್ಟಿದ್ದಳು. ಹಗ್ಗದ ಒಂದು ತುದಿ ನಾನೇ ಹಿಡಿದುಕೊಂಡಿದ್ದೆ.

ನಮ್ಮೂರಲ್ಲಿ ಬಯಲಲ್ಲಿ ಆಡಿದ ಮಾತು ಹನ್ನೊಂದನೇ ದಿನ, ಅದೇ ಹೊತ್ತಿಗೆ, ಅದೇ ಜಾಗಕ್ಕೆ ತಿರುಗಿ ಬರುತ್ತದೆ. ಒಂದೇ ಸಲ. ಸೂರಿನ ಕೆಳಗೆ ಆಡಿದ್ದು ಬರುವುದಿಲ್ಲ. ಬೇರೆ ಊರಿನವರು ‘ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು’ ಅನ್ನುತ್ತಾರೆ. ನಮ್ಮಲ್ಲಿ ಹೋಗುವುದು ಮುತ್ತು ಮಾತ್ರ. ಸಂತೆಯಲ್ಲಿ ಮಾವು ಮುಗಿದ ಮೇಲೂ ಹನ್ನೊಂದು ದಿನ ‘ಮಾವಿನಹಣ್ಣೂ’ ಎಂಬ ಕೂಗು ಕೇಳುತ್ತದೆ, ಮಕ್ಕಳು ಅತ್ತು ರಂಪ ಮಾಡುತ್ತವೆ. ಹೆಣ್ಣು ನೋಡುವ ಶಾಸ್ತ್ರದಲ್ಲಿ ಗಂಡಿನ ಕಡೆಯವರನ್ನು ಹೊಸಿಲು ದಾಟುವವರೆಗೆ ಯಾರೂ ಮಾತಾಡಿಸುವುದಿಲ್ಲ. ಸಾಲದ ಮಾತು, ಚಾಡಿ, ಪ್ರೀತಿ ಎಲ್ಲವೂ ಒಳಗೇ. ಹಿಂದೆ ಯಾರೋ ಇಬ್ಬರು ಕೊಡೆ ಬಿಚ್ಚಿಕೊಂಡು ಕೆರೆ ಏರಿಯ ಮೇಲೆ ಕೂತು ಮಾತಾಡಿದರಂತೆ, ಕೊಡೆಯೂ ಸೂರೇ ಅಂದುಕೊಂಡು. ಹನ್ನೊಂದನೇ ದಿನ ಊರಿಗೆಲ್ಲ ಗೊತ್ತಾಯಿತು, ಮದುವೆಯನ್ನೇ ಮಾಡಬೇಕಾಯಿತು. ಅಂದಿನಿಂದ ಆಲಿಕೆ ಕಚೇರಿಯ ಗೋಡೆಯ ಮೇಲೆ ಬರೆಸಿದ್ದಾರೆ: ‘ಮಡಚಲು ಬರುವುದು ಸೂರಲ್ಲ.’

ಆ ಆಲಿಕೆ ಕಚೇರಿಯಲ್ಲೇ ನನ್ನ ಅಮ್ಮನಿಗೆ ಕೆಲಸ. ಜಯಶೀಲಮ್ಮ ಎಂದರೆ ಊರಿಗೆಲ್ಲ ಗೊತ್ತು. ‘ನೀನು ಹೀಗೆ ಅಂದೆ’, ‘ನಾನು ಅನ್ನಲೇ ಇಲ್ಲ’ ಎಂದು ಇಬ್ಬರು ಕಿತ್ತಾಡಿದರೆ ಕಚೇರಿಗೆ ಬರೆದುಕೊಡುತ್ತಾರೆ. ಹನ್ನೊಂದನೇ ದಿನ ಅಮ್ಮ ಆ ಜಾಗಕ್ಕೆ ಹೋಗಿ, ಸ್ಟೂಲು ಹಾಕಿಕೊಂಡು ಕೂತು, ತಿರುಗಿ ಬಂದ ಮಾತನ್ನು ಕಾರ್ಬನ್ ಹಾಕಿದ ಪುಸ್ತಕದಲ್ಲಿ ಅಕ್ಷರ ಬಿಡದೆ ಬರೆದುಕೊಳ್ಳುತ್ತಾಳೆ. ಎಲ್ಲಿ ಕೆಮ್ಮಿದರು, ಎಲ್ಲಿ ನಿಲ್ಲಿಸಿದರು, ಎಲ್ಲ. ಆಡಿದವರು ಆಡಿದ ಜಾಗದಲ್ಲೇ ನಿಂತಿರಬೇಕು, ಕೊನೆಗೆ ಸಹಿ ಹಾಕಬೇಕು. ಒಂದು ಪ್ರತಿ ಕಚೇರಿಗೆ, ಒಂದು ಆಡಿದವರಿಗೆ. ಪುಟದ ಕೊನೆಯಲ್ಲಿ ‘ಷರಾ’ ಎಂಬ ಒಂದು ಅಂಕಣ ಇದೆ, ಕೇಳಿದವರಿಗೆ ಏನಾದರೂ ಹೇಳುವುದಿದ್ದರೆ ಅಂತ. ಹದಿನೆಂಟು ವರ್ಷದ ಸರ್ವಿಸಿನಲ್ಲಿ ಅಮ್ಮ ಅದರಲ್ಲಿ ಒಂದಕ್ಷರ ಬರೆದಿಲ್ಲ. ಕೇಳೋರ ಕೆಲ್ಸ ಕೇಳೋದು ಅನ್ನುತ್ತಾಳೆ. ಕೇಳುವವರು ಬಯಲಲ್ಲಿ ಮಾತಾಡಲೂಬಾರದು, ತಮ್ಮ ಮಾತು ಬೇರೆಯವರ ಮಾತಿನೊಂದಿಗೆ ಬೆರೆತುಬಿಡುತ್ತದೆ ಎಂದು. ಅಮ್ಮ ಆಕಾಶದ ಕೆಳಗೆ ಬಾಯಿ ಬಿಟ್ಟದ್ದನ್ನು ನಾನು ಕಂಡೇ ಇಲ್ಲ. ತರಕಾರಿಯನ್ನೂ ಕೈಸನ್ನೆಯಲ್ಲೇ ಕೊಳ್ಳುತ್ತಾಳೆ.

ಇಷ್ಟೆಲ್ಲ ಗೊತ್ತಿದ್ದೂ ಕೇಳುವವಳ ಮಗಳು ಟಾರ್ಪಾಲಿನ ಕೆಳಗೆ ನಿಂತು ಅಮ್ಮ ಸತ್ತಳು ಎಂದು ಸಾರಿದ್ದೆ. ಅಭ್ಯಾಸಬಲ, ಇನ್ನೇನು. ಹದಿನಾಲ್ಕು ವರ್ಷ ತಲೆಯ ಮೇಲೆ ತಗಡಿದ್ದವಳು ಮೇಲೆ ನೋಡುವುದಿಲ್ಲ.

ಕಲ್ಲಿನಿಂದ ಇಳಿದಾಗ ಪಕ್ಕದ ಮನೆಯ ತಿಪ್ಪಕ್ಕನ ಕಡೆ ಪಾತ್ರೆ ಉಜ್ಜುವ ಸದ್ದು ನಿಂತಿತ್ತು. ಗೋಡೆ ಎತ್ತರ, ಮುಖ ಕಾಣಲಿಲ್ಲ. ನಾನು ಬೆರಳು ಮಡಚಿ ಎಣಿಸಿದೆ. ಶನಿವಾರಕ್ಕೆ ಬರುತ್ತದೆ. ಬೇರೆ ಕೆಲಸದ ದಿನಗಳಲ್ಲಿ ಅಮ್ಮ ಆರೂವರೆಗಿಂತ ಮುಂಚೆ ಮನೆಗೆ ಬರುವುದಿಲ್ಲ. ಶನಿವಾರ ಮಾತ್ರ ಅರ್ಧ ದಿನ; ಊಟ ಮಾಡಿ, ಮಲಗಿ ಎದ್ದು, ಸಂಜೆ ಇದೇ ಹಿತ್ತಲಲ್ಲಿ ಕೂತು ಅಕ್ಕಿ ಆರಿಸುತ್ತಾಳೆ. ನನ್ನ ಹಣೆಬರಹ ನೋಡಿ.

ಇದಕ್ಕೆ ಊರಲ್ಲಿ ಒಂದು ಕೆಟ್ಟ ಉಪಾಯ ಇದೆ, ತಟ್ಟೆ ಬಡಿಯುವುದು. ತಿರುಗಿ ಬಂದ ಮಾತು ಕೇಳಿಸದಂತೆ ಅದರ ಮೇಲೆ ತಟ್ಟೆ ಬಡಿಯುತ್ತಾರೆ. ಆದರೆ ತಟ್ಟೆಯ ಸದ್ದು ಕೇಳಿದ ಕೂಡಲೇ ಬೀದಿಗೆಲ್ಲ ಗೊತ್ತಾಗುತ್ತದೆ, ಆ ಮನೆಯಲ್ಲಿ ಯಾರೋ ಏನೋ ಮುಚ್ಚುತ್ತಿದ್ದಾರೆ ಎಂದು. ಕೇಳುವವಳ ಮನೆಯಲ್ಲೇ ತಟ್ಟೆ ಬಡಿದರೆ ಅಮ್ಮ ಕಚೇರಿಯಲ್ಲಿ ತಲೆ ಎತ್ತುವುದು ಹೇಗೆ? ಹಾಗಾಗಿ ಉಳಿದದ್ದು ಒಂದೇ, ಅಮ್ಮನನ್ನು ಅವತ್ತು ಮನೆಯಿಂದ ಹೊರಗೆ ಕಳಿಸುವುದು.

ಆ ದಿನಗಳಲ್ಲಿ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಹೇಳಿಕೆಯನ್ನು ಶುದ್ಧವಾಗಿ ನಕಲು ಮಾಡಿ ಲಕೋಟೆಯಲ್ಲಿ ಇಟ್ಟೆ. ದಿನಕ್ಕೆ ಹತ್ತು ಸಲ ತೆಗೆದು ಓದಿದೆ. ಚೆನ್ನಾಗಿತ್ತು, ಅದೇ ತೊಂದರೆ. ಅಮ್ಮ ಬಡಿಸುವಾಗ ಅವಳ ಕೈ ನೋಡುತ್ತಿದ್ದೆ. ಸತ್ತವಳು ಸಾರು ಬಡಿಸುತ್ತಿದ್ದಾಳೆ ಅನ್ನಿಸಿ ತುತ್ತು ಇಳಿಯುತ್ತಿರಲಿಲ್ಲ. ಗುರುವಾರ ತಡೆಯಲಾಗದೆ ಬೇರೆ ಹೇಳಿಕೆ ಬರೆದೆ, ನಿಜವಾದದ್ದು. ನಮ್ಮೂರಿಗೆ ನಾಟಕ ಕಂಪನಿ ಬಂದು ಹೋದ ಮೇಲೆ ಹನ್ನೊಂದನೇ ದಿನ ಖಾಲಿ ಮೈದಾನದಲ್ಲಿ ಪೂರ್ತಿ ನಾಟಕ ಬರೀ ಧ್ವನಿಯಾಗಿ ತಿರುಗಿ ಬರುತ್ತಿತ್ತು. ಆ ಧ್ವನಿಗಳ ನಡುವೆ ನಿಂತು, ರಾಜನ ಮಾತಿಗೆ ರಾಜನ ಹಾಗೆ, ದಾಸಿಯ ಮಾತಿಗೆ ದಾಸಿಯ ಹಾಗೆ ಕೈಕಾಲು ಆಡಿಸುತ್ತಾ ನಾನು ನಟನೆ ಕಲಿತೆ ಎಂದು ಬರೆದೆ. ಕುಮುದನಿಗೆ ತೋರಿಸಿದೆ.

“ಇದನ್ನ ಕಳಿಸ್ಬೇಡ ಮಾರಾಯ್ತಿ,” ಅಂದಳು. “ಆ ಊರಲ್ಲಿ ಆಡಿದ ಮಾತು ಆಡಿದಲ್ಲೇ ಸತ್ತೋಗುತ್ತೆ. ಇದನ್ನ ಓದಿದ್ರೆ ನಿಂಗೆ ತಲೆ ಕೆಟ್ಟಿದೆ ಅಂತಾರೆ. ಅಮ್ಮ ಸತ್ತಿದ್ದು ಚೆನ್ನಾಗಿದೆ. ಅದನ್ನೇ ಕೊಡು.”

ನಿಜ ಬರೆದರೆ ಹುಚ್ಚು, ಸುಳ್ಳು ಬರೆದರೆ ಚೆಂದ. ಸರಿ, ಹಾಗಾದರೆ ಅಮ್ಮ ಸತ್ತೇ ಇರಲಿ ಎಂದು ತೀರ್ಮಾನ ಮಾಡಿದೆ. ಅವಳಿಗೆ ಕೇಳಿಸದಿದ್ದರೆ ಆಯಿತು.

ಭಾನುವಾರ ಊಟಕ್ಕೆ ಕೂತಾಗ ಮೆಲ್ಲಗೆ ತೆಗೆದೆ. “ಅಮ್ಮಾ, ಬರೋ ಶನಿವಾರ ಸಂಜೆ ಕುಮುದನ ಮನೇಲಿ ನಿನ್ನ ಕರ್ದಿದಾರೆ. ಅವ್ಳು ಹೊರಡ್ತಾಳಲ್ಲ, ಅದಕ್ಕೆ. ನೀನೊಬ್ಳೇ ಹೋಗಿ ಬಾ.”

“ಆಗಲ್ಲ ಕಣೇ. ಅವತ್ತು ಸಂಜೆ ಒಂದು ಕೇಳೋದಿದೆ.”

“ಶನಿವಾರ ಮಧ್ಯಾಹ್ನಕ್ಕೇ ಮುಗಿಯುತ್ತಲ್ಲ ಕೆಲ್ಸ?”

“ಇದೊಂದು ಇದೆ,” ಎಂದು ಮಜ್ಜಿಗೆ ಬಡಿಸಿದಳು.

ನನಗೆ ಎದ್ದು ಕುಣಿಯಬೇಕೆನ್ನಿಸಿತು. ಕೆಲಸವೇ ಅವಳನ್ನು ಹೊರಗೆ ಕರೆದುಕೊಂಡು ಹೋಗುತ್ತಿದೆ! ಅವತ್ತು ಎರಡು ಸಲ ಅನ್ನ ಹಾಕಿಸಿಕೊಂಡೆ. ಅಮ್ಮ ನನ್ನ ತಟ್ಟೆಯನ್ನೇ ಸ್ವಲ್ಪ ಹೊತ್ತು ನೋಡಿದಳು, ಏನೂ ಕೇಳಲಿಲ್ಲ. ಅವಳು ಏನನ್ನೂ ಕೇಳುವುದಿಲ್ಲ. ಅರ್ಜಿ ತಂದು ತೋರಿಸಿದಾಗಲೂ ‘ಬರಿ’ ಎಂದಷ್ಟೇ ಅಂದಿದ್ದಳು. ಎಂಟನೇ ಕ್ಲಾಸಿನಲ್ಲಿ ಶಾಲೆಯ ಮೈದಾನದಲ್ಲಿ ನಾನು ಮೊದಲ ಸಲ ಪಾತ್ರ ಮಾಡಿದಾಗ ಎಲ್ಲರ ತಾಯಂದಿರೂ ಬಂದಿದ್ದರು, ಇವಳು ಬರಲಿಲ್ಲ. ಕೆಲ್ಸ ಇತ್ತು ಅಂದಳು. ಆ ಸಿಟ್ಟು ನನ್ನ ಹೊಟ್ಟೆಯಲ್ಲಿ ಇನ್ನೂ ಇತ್ತು. ಅವಳನ್ನು ಅಷ್ಟು ಸಲೀಸಾಗಿ ಸಾಯಿಸಲು ಅದೂ ಸ್ವಲ್ಪ ಸಹಾಯ ಮಾಡಿತೆಂದು ಕಾಣುತ್ತದೆ.

ಶನಿವಾರ ಐದು ಗಂಟೆಗೆ ಅಮ್ಮ ಮುಖ ತೊಳೆದು, ಕಚೇರಿಗೆ ಉಡುವ ಗಂಜಿ ಹಾಕಿದ ಸೀರೆ ಉಟ್ಟಳು. ತಲೆ ಬಾಚಿಕೊಂಡಳು. ಕಾರ್ಬನ್ ಹಾಕಿದ ಪುಸ್ತಕ, ಎರಡು ಪೆನ್ಸಿಲ್, ಸ್ಟೂಲು ತೆಗೆದುಕೊಂಡಳು. ನಾನು ಸಂಭ್ರಮದಿಂದ ಮುಂಬಾಗಿಲು ತೆರೆದು ನಿಂತೆ. ಅಮ್ಮ ನನ್ನ ಕಡೆ ನೋಡಿ, ತಿರುಗಿ ಅಡುಗೆಮನೆ ದಾಟಿ ಹಿಂಬಾಗಿಲ ಹೊಸಿಲ ಹತ್ತಿರ ಹೋದಳು.

“ಅಮ್ಮಾ, ಆ ಕಡೆ ಎಲ್ಲಿಗೆ?”

“ಕೇಳೋದಿಕ್ಕೆ.”

ನನ್ನ ಕೈಯಲ್ಲಿದ್ದ ಬಾಗಿಲ ಚಿಲಕ ಜಾರಿತು. ಅಮ್ಮ ಹೊಸಿಲ ಒಳಗೇ ನಿಂತು ಮಾತಾಡಿದಳು. “ಅವತ್ತೇ ಬಂದು ಹೇಳಿದ್ಳು ತಿಪ್ಪಕ್ಕ. ನಿನ್ ಮಗಳು ಹಿತ್ಲಲ್ಲಿ ನಿಂತು ನೀನು ಸತ್ತೋದೆ ಅಂತ ಅಳ್ತಿದ್ಳು, ಏನ್ ಜಯಶೀಲಾ ಇದು ಅಂತ.”

“ಮತ್ತೆ ಅವತ್ತೇ ಯಾಕೆ ನನ್ನ ಕೇಳ್ಲಿಲ್ಲ?”

“ಕೇಳಿದೋರು ಬಂದು ಹೇಳಿದ್ದನ್ನ ನಾವು ತಗೊಳ್ಳಲ್ಲ. ಮಾತು ಬಂದಾಗ ಕೇಳ್ತೀವಿ.” ನಾವು ಎಂದರೆ ಕಚೇರಿ. ಮಗಳಿಗೂ ಅದೇ ನಿಯಮ. “ಹನ್ನೊಂದು ದಿನದಲ್ಲಿ ನೀನೇ ಹೇಳ್ತೀಯೇನೋ ಅಂತಾನೂ ನೋಡ್ದೆ.”

ಇಷ್ಟು ಹೇಳಿ ಹೊಸಿಲು ದಾಟಿದಳು, ಬಾಯಿ ಮುಚ್ಚಿತು. ಟಾರ್ಪಾಲಿನ ಎದುರು ಸ್ಟೂಲು ಹಾಕಿ ಕೂತು, ಪೆನ್ಸಿಲ್ಲಿನಿಂದ ಒಗೆಯುವ ಕಲ್ಲನ್ನು ತೋರಿಸಿದಳು. ಆಡಿದವರು ಆಡಿದ ಜಾಗದಲ್ಲಿ ನಿಲ್ಲಬೇಕು. ನಾನು ಹತ್ತಿ ನಿಂತೆ. ಕಾಲ ಹತ್ತಿರವೇ ತೊಳೆದು ಕವುಚಿಟ್ಟ ಸ್ಟೀಲ್ ತಟ್ಟೆಗಳಿದ್ದವು. ಬಗ್ಗಿದರೆ ಕೈಗೆ ಸಿಗುತ್ತಿದ್ದವು. ಅಮ್ಮ ಅವನ್ನೂ ನೋಡಿದಳು, ನನ್ನನ್ನೂ ನೋಡಿದಳು. ನಾನು ಬಗ್ಗಲಿಲ್ಲ. ಧೈರ್ಯದಿಂದಲ್ಲ, ಸೊಂಟವೇ ಬಗ್ಗದಷ್ಟು ಹೆದರಿಕೆ. ಗೋಡೆಯ ಆಚೆ ತಿಪ್ಪಕ್ಕನ ಪಾತ್ರೆಯ ಸದ್ದು ನಿಂತಿತು.

ಐದೂ ಮುಕ್ಕಾಲಿಗೆ ನನ್ನ ಧ್ವನಿ ನನ್ನ ಬಾಯಿಯ ಮುಂದೆಯೇ ಶುರುವಾಯಿತು. “ನನಗೆ ಒಂಬತ್ತು ವರ್ಷವಾಗಿದ್ದಾಗ ನನ್ನ ಅಮ್ಮ ತೀರಿಕೊಂಡಳು.” ಅಮ್ಮ ಬರೆದುಕೊಂಡಳು. ಅವಳ ಮುಖದಲ್ಲಿ ಏನೂ ಇರಲಿಲ್ಲ, ಯಾರದೋ ಬೇಲಿ ಜಗಳ ಬರೆದುಕೊಳ್ಳುವ ಮುಖವೇ. “ಅವಳ ಚಪ್ಪಲಿ ಬಾಗಿಲಲ್ಲೇ ಇತ್ತು. ಒಂದು ತಿಂಗಳು ಯಾರೂ ಅದನ್ನು ಎತ್ತಿಡಲಿಲ್ಲ. ಬಂದವರೆಲ್ಲ ಅದನ್ನು ದಾಟಿಕೊಂಡೇ ಒಳಗೆ ಬಂದರು.” ಇಲ್ಲಿ ಗಂಟಲು ಒಡೆಯಿತು. ಅಮ್ಮನ ಪೆನ್ಸಿಲ್ ಒಂದು ಕ್ಷಣ ಒತ್ತಿ ಹಿಡಿದಂತೆ ಕಂಡಿತು, ಮತ್ತೆ ಓಡಿತು. “ಅಂದಿನಿಂದ ನಾನು ಅಮ್ಮನ ಹಾಗೆ ನಡೆದೆ. ಬಲಗಾಲು ಸ್ವಲ್ಪ ಎಳೆದು. ಅಮ್ಮನ ಹಾಗೆ ಎರಡು ಸಲ ಕೆಮ್ಮಿ ದೀಪ ಹಚ್ಚಿದೆ. ಮನೆಯಲ್ಲಿ ನನ್ನನ್ನು ಕರೆಯುವವರು ಯಾರೂ ಇರಲಿಲ್ಲ. ಹಾಗಾಗಿ ಅಮ್ಮನ ಧ್ವನಿಯಲ್ಲಿ ನನ್ನನ್ನು ನಾನೇ ಊಟಕ್ಕೆ ಕರೆದುಕೊಂಡೆ.”

ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ. ಅಲ್ಲಿ ನಾನು ನಿಲ್ಲಿಸಿದ್ದೆ. ಆಮೇಲೆ, ಮೆಲ್ಲಗೆ, “ತಾರೂ, ಅನ್ನ ಆರ್ತಿದೆ ಬಾರೇ.”

ಅದು ಅಮ್ಮನ ಧ್ವನಿ. ನಾನು ಮಾಡಿದ್ದೇ, ಆದರೆ ಅವಳದೇ. ಆ ಎಳೆತ, ಕೊನೆಯಲ್ಲಿ ಸುಸ್ತಾಗಿ ಬೀಳುವ ಆ ‘ಬಾರೇ’. ಅಮ್ಮನ ಪೆನ್ಸಿಲ್ ನಿಂತುಬಿಟ್ಟಿತು. ಊರವರ ಧ್ವನಿಗಳನ್ನೆಲ್ಲ ಬರೆದುಕೊಂಡವಳು ತನ್ನದನ್ನು ಒಮ್ಮೆಯೂ ಹೊರಗಿನಿಂದ ಕೇಳಿರಲಿಲ್ಲ. ಬಯಲಲ್ಲಿ ಮಾತಾಡಿದ್ದರೆ ತಾನೇ ತಿರುಗಿ ಬರಲು? ತಲೆ ಎತ್ತಿ ನೀಲಿ ಟಾರ್ಪಾಲಿನ ಕೆಳಗಿನ ಗಾಳಿಯನ್ನು ನೋಡುತ್ತಾ ಕೂತಳು, ಯಾರೋ ನೆಂಟರು ಬಂದು ನಿಂತಿದ್ದಾರೆ ಅನ್ನುವ ಹಾಗೆ. ‘ಅದೇ ನನ್ನ ಮೊದಲ ಪಾತ್ರ’ ಎಂಬ ನನ್ನ ಕೊನೆಯ ಸಾಲು ಬಂದು ಹೋಯಿತು. ಅದು ಮುಗಿದ ಮೇಲೆ ಅಮ್ಮ ತಲೆ ತಗ್ಗಿಸಿ, ಬಿಟ್ಟುಹೋದ ಸಾಲುಗಳನ್ನು ನೆನಪಿನಿಂದ ಬರೆದುಕೊಂಡಳು. ಅವಳಿಗೆ ಒಮ್ಮೆ ಕೇಳಿದ್ದು ಮರೆಯುವುದಿಲ್ಲ. ಆಮೇಲೆ ಪುಸ್ತಕ ನನ್ನ ಕಡೆ ಚಾಚಿ, ಸಹಿ ಹಾಕುವ ಜಾಗ ತೋರಿಸಿದಳು. ಹಾಕಿದೆ. ಕಣ್ಣಲ್ಲಿ ನೀರು ತುಂಬಿ ಅಕ್ಷರ ಕಾಣಲಿಲ್ಲ, ಸಹಿ ಗೆರೆಯಿಂದ ಕೆಳಗಿಳಿಯಿತು.

ಒಳಗೆ ಬಂದ ಮೇಲೂ ಅವಳು ಮೊದಲು ಸ್ಟೂಲನ್ನು ಅದರ ಜಾಗದಲ್ಲಿಟ್ಟಳು. ನಾನು ಅಡುಗೆಮನೆಯ ಗೋಡೆಗೆ ಒರಗಿ ಬಿಕ್ಕುತ್ತಿದ್ದೆ.

“ಸಾಯ್ಸಿದ್ದು ಸಾಯ್ಸಿದೆ, ಹೋಗ್ಲಿ,” ಅಂದಳು. “ಎಲ್ರೂ ಒಂದಿನ ಸಾಯೋರೇ. ಚಪ್ಪಲಿ ಮಾತ್ರ ನಿಮ್ಮಪ್ಪಂದು ಕಣೇ.”

ಅಪ್ಪನ ಚಪ್ಪಲಿಯ ಮಾತನ್ನು ಅವಳು ನನಗೆ ಹೇಳಿದ್ದು ಒಂದೇ ಸಲ, ನನಗೆ ಜ್ವರ ಬಂದಿದ್ದಾಗ, ಹಣೆಗೆ ಬಟ್ಟೆ ಹಾಕುತ್ತಾ.

“ಒಂದು ತಿಂಗಳು ಅದನ್ನ ಎತ್ತಿಡಕ್ಕೆ ನಂಗೆ ಕೈ ಬರ್ಲಿಲ್ಲ. ಅದನ್ನ ನಿಂಗೆ ಹೇಳಿದ್ದು ನಿಂಗೆ ಅಂತ. ಊರಿಗೆ ಅಂತಲ್ಲ.” ಅವಳ ಗಂಟಲು ಒಡೆಯಲಿಲ್ಲ. ಒಡೆದಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ. ಒಲೆ ಹಚ್ಚಿ ಹಾಲಿಟ್ಟಳು. ಆಮೇಲೆ ನನ್ನ ಕಡೆ ತಿರುಗದೆಯೇ ಕೇಳಿದಳು. “ನಾನು ನಿಜವಾಗ್ಲೂ ಹಂಗೇ ಕರೀತೀನಾ?”

“ಹೂಂ.”

“ಕರ್ಯೋ ಮುಂಚೆ ನಿಲ್ಸಿದ್ಯಲ್ಲ, ಅದು ಚೆನ್ನಾಗಿತ್ತು. ಸ್ಕೂಲ್ ನಾಟಕದಲ್ಲೂ ಹಿಂಗೇ ನಿಲ್ಸಿದ್ದೆ, ರಾಣಿ ಕಾಗದ ಓದೋ ಜಾಗದಲ್ಲಿ.”

“ನೀನು ಬಂದೇ ಇರ್ಲಿಲ್ವಲ್ಲಮ್ಮ ಆ ನಾಟಕಕ್ಕೆ.”

“ಹನ್ನೊಂದನೇ ದಿನ ಹೋಗಿದ್ದೆ. ಅರ್ಧ ದಿನ ರಜ ಹಾಕಿ. ಮೈದಾನದಲ್ಲಿ ನಾನೊಬ್ಳೇ.” ಹಾಲು ಉಕ್ಕಿತು, ಅವಳು ಊದಿದಳು. “ನಂಗೆ ನೋಡಕ್ಕಿಂತ ಕೇಳೋದೇ ಅಭ್ಯಾಸ.”

ಕಂಪನಿ ನಾಟಕಗಳ ಹನ್ನೊಂದನೇ ದಿನ ತಪ್ಪದೆ ಮೈದಾನಕ್ಕೆ ಓಡುತ್ತಿದ್ದ ನಾನು, ನನ್ನ ನಾಟಕದ ದಿನ ಮಾತ್ರ ಹೋಗಿರಲಿಲ್ಲ. ನನ್ನ ಧ್ವನಿ ನಾನೇ ಕೇಳಲು ನಾಚಿಕೆ. ಹೋಗಿದ್ದರೆ ಆರು ವರ್ಷದ ಸಿಟ್ಟು ತಪ್ಪುತ್ತಿತ್ತು. ಆ ಸಂಜೆ ಲಕೋಟೆಯಿಂದ ನನ್ನ ಹೇಳಿಕೆಯನ್ನು ತೆಗೆದು ಹರಿದುಹಾಕಿದೆ. ಹೊಸದು ಬರೆಯಲು ಕೂತೆ. ಬರಲಿಲ್ಲ. ನಾಲ್ಕು ಸಾಲು ಬರೆದು ಪೆನ್ನು ಕಚ್ಚುತ್ತಾ ಕೂತಿದ್ದಾಗ ಅಮ್ಮ ಆಡಿದವರ ಪ್ರತಿಯನ್ನು ಪುಸ್ತಕದಿಂದ ಹರಿದು, ನಾಲ್ಕಾಗಿ ಮಡಚಿ, ನನ್ನ ಮುಂದೆ ಇಟ್ಟು ಮಲಗಲು ಹೋದಳು. ನಿಯಮ ಪ್ರಕಾರ ಅದು ನನ್ನದು. ಬಿಡಿಸಿ ನೋಡುವ ಧೈರ್ಯವಾಗಲಿಲ್ಲ.

ಬೆಳಗ್ಗೆ ಬಸ್ ಸ್ಟ್ಯಾಂಡಿಗೆ ಹೋದಾಗ ಲಕೋಟೆಯಲ್ಲಿ ನಾಲ್ಕನೇ ಪುಟ ಖಾಲಿಯೇ ಇತ್ತು. ಕುಮುದ ಕಿಟಕಿಯ ಸೀಟು ಹಿಡಿದು ಕೂತಿದ್ದಳು. ಕಂಡಕ್ಟರ್ ಆಗಲೇ ಒಂದು ಸಲ ಸೀಟಿ ಊದಿದ್ದ. ಸ್ಟ್ಯಾಂಡಿನ ಸೂರಿನ ಕೆಳಗೆ ಕಲ್ಲುಬೆಂಚಿನ ಮೇಲೆ ಕೂತು, ಇನ್ನು ದಾರಿಯೇ ಇಲ್ಲವೆಂದು, ಆ ಮಡಚಿದ ಪ್ರತಿಯನ್ನು ಬಿಡಿಸಿದೆ. ಕಾರ್ಬನ್ನಿನ ನೀಲಿ ಅಕ್ಷರ. ದಿನಾಂಕ, ಜಾಗ, ಆಡಿದವರ ಹೆಸರು. ಆಮೇಲೆ ನನ್ನ ಸುಳ್ಳು, ಅಕ್ಷರ ಬಿಡದೆ. ನಡುನಡುವೆ ‘ಇಲ್ಲಿ ಗಂಟಲು ಒಡೆಯಿತು’, ‘ಇಲ್ಲಿ ನಾಲ್ಕು ಉಸಿರು ಸುಮ್ಮನಿದ್ದಳು’, ‘ಇಲ್ಲಿ ತಾಯಿಯ ಧ್ವನಿ’ ಎಂದು ಬರೆದಿದ್ದಳು. ಕೆಳಗೆ ಜಾರಿದ ನನ್ನ ಸಹಿ. ಅದರ ಪಕ್ಕದಲ್ಲಿ, ಹದಿನೆಂಟು ವರ್ಷ ಖಾಲಿ ಬಿಟ್ಟಿದ್ದ ಷರಾ ಅಂಕಣದಲ್ಲಿ, ಅವಳ ಗುಂಡು ಅಕ್ಷರದಲ್ಲಿ ಮೂರು ಸಾಲು: ‘ಮೇಲೆ ಹೇಳಿದ ತಾಯಿ ಬದುಕಿದ್ದಾಳೆ. ಎದುರಿಗೇ ಕೂತು ಪೂರ್ತಿ ಕೇಳಿದಳು. ನಡುವೆ ಎದ್ದು ಹೋಗಬೇಕೆನ್ನಿಸಲಿಲ್ಲ.’

ಕುಮುದ ಕಿಟಕಿಯಿಂದ ಕೈ ಬಡಿದು ಕರೆದಳು. ನಾಲ್ಕನೇ ಪುಟದ ಮೊದಲ ಗೆರೆಯ ಮೇಲೆ ‘ನನ್ನ ಹೇಳಿಕೆ ಇದರೊಂದಿಗಿದೆ’ ಎಂದು ಬರೆದು, ಅಮ್ಮನ ಪ್ರತಿಯನ್ನು ಪಿನ್ನು ಹಾಕಿ ಸೇರಿಸಿ, ಬಸ್ಸೊಳಗೆ ಹತ್ತಿ ಕೊಟ್ಟೆ. ಅವಳು ತೆಗೆದು ಕಣ್ಣಾಡಿಸಿದಳು.

“ಏನೇ ಇದು! ಸುಳ್ಳು ಅಂತ ನೀನೇ ಒಪ್ಕೊಂಡಂಗಾಯ್ತಲ್ಲ! ಅವ್ರಿಗೆ ಅರ್ಥ ಆಗುತ್ತೇನೇ?”

“ಆಗದಿದ್ರೆ ಬಿಡ್ಲಿ. ಇದೇ ನಂದು.”

“ಕೊನೇ ಸಲ ಕಣೇ ತಾರಾ.”

“ಗೊತ್ತು.”

ಗಡಿಯಾರ ನೋಡಿದೆ. ಒಂಬತ್ತೂ ಹದಿನೆಂಟು. ಕಚೇರಿ ಇರುವ ದಿನ ಅಮ್ಮ ಒಂಬತ್ತೂ ಇಪ್ಪತ್ತಕ್ಕೆ ಸರಿಯಾಗಿ ಈ ಸ್ಟ್ಯಾಂಡಿನ ಮುಂದೆ ಹಾದು ಹೋಗುತ್ತಾಳೆ, ಬೀಡಾ ಅಂಗಡಿಯವನು ಅವಳನ್ನು ನೋಡಿ ತನ್ನ ಗಡಿಯಾರ ಸರಿಮಾಡಿಕೊಳ್ಳುತ್ತಾನೆ. ಹನ್ನೊಂದನೇ ದಿನ ಗುರುವಾರ. ನಾನು ಬಸ್ಸಿಳಿದು, ಸೂರಿನ ಕೆಳಗಿಂದ ಆಚೆ ಬಂದು, ಬೀಡಾ ಅಂಗಡಿಯ ಎದುರು ಬಯಲಲ್ಲಿ ನಿಂತೆ. ಮುಳ್ಳು ನಾಲ್ಕರ ಮೇಲೆ ಬರುವವರೆಗೆ ಕಾದೆ. ಬಸ್ಸಿನಲ್ಲಿದ್ದವರೆಲ್ಲ ನನ್ನನ್ನೇ ನೋಡುತ್ತಿದ್ದರು. ನಿಲ್ಲಿಸುವ ಜಾಗ, ಏರುವ ಜಾಗ ಏನನ್ನೂ ಗುರುತು ಮಾಡಿಕೊಂಡಿರಲಿಲ್ಲ.

“ಅಮ್ಮಾ,” ಎಂದು ಕೂಗಿದೆ, “ಚಪ್ಪಲಿ ಅಪ್ಪಂದು. ಕೇಳ್ದೆ ತಗೊಂಡೆ, ತಪ್ಪಾಯ್ತು. ನೀನು ಸತ್ರೆ ಹೆಂಗೆ ಬದುಕ್ಲಿ ಅಂತ ನಂಗೆ ಗೊತ್ತಿಲ್ಲ, ಅದಕ್ಕೇ ಅಷ್ಟು ಅಳು ಬಂತು. ಸೇರಿಸ್ಕೊಂಡ್ರೆ ಹೋಗ್ತೀನಿ. ಹೋದ್ರೂ ಹಂಗೇ ಕರಿ, ನಾನು ಅಲ್ಲೇ ನಿನ್ ಥರ ಕರ್ಕೊಂಡು ಉಣ್ತೀನಿ.”

ಬಸ್ಸು ಹೊರಟಿತು. ಬೀಡಾ ಅಂಗಡಿಯವನು “ಹನ್ನೊಂದನೇ ದಿನ ಗಿರಾಕಿ ಮುಂದೆ ಇದನ್ನೆಲ್ಲ ನಾನೂ ಕೇಳ್ಬೇಕಲ್ಲವ್ವಾ,” ಎಂದು ಗೊಣಗಿದ. ನಾನು ಮನೆಗೆ ನಡೆದೆ. ಇವತ್ತು ಮಂಗಳವಾರ, ಕೂಗಿ ಒಂಬತ್ತು ದಿನವಾಯಿತು. ಶಾಲೆಯಿಂದ ಇನ್ನೂ ಏನೂ ಬಂದಿಲ್ಲ. ಅಮ್ಮನಿಗೆ ನಾನು ಏನೂ ಹೇಳಿಲ್ಲ, ಹೊಸ ತಗಡು ಬಂದಿದೆ, ಅದನ್ನು ಇನ್ನೂ ಹೊದಿಸಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಗಂಟಲು ಒಡೆಯಿತೋ ಇಲ್ಲವೋ ನನಗೆ ಗೊತ್ತಾಗಲಿಲ್ಲ. ಗುರುವಾರ ಅಮ್ಮನನ್ನು ಕೇಳಬೇಕು.